ಬ್ಯಾಸ್ಕೆಟ್‌ಬಾಲ್ ಆಟಗಾರರ ತಾರತಮ್ಯ ವಿಚಾರ

ಇಬ್ಬರು ಗಾಯಕರನ್ನು ಕೇಳಿದೊಡನೆ ಯಾರು ಹೆಚ್ಚು ಎಂದೂ, ಎರಡು ಊರುಗಳನ್ನು ಕಂಡೊಡನೆ ಯಾವುದು ಮೇಲು ಎಂದೂ ಕೇಳುವುದು ಮನುಷ್ಯನ ಸ್ವಭಾವ. ಈಚೆಗೆ ನಮ್ಮ ಮನೆಗಳ ಹುಡುಗರು ಅಮೆರಿಕಾ ದೇಶದ ಬ್ಯಾಸ್ಕೆಟ್‌ಬಾಲ್ ಪಂದ್ಯಗಳನ್ನು ಕೈಯಲ್ಲಿರುವ ಫೋನಿನಲ್ಲಿಯೇ ನೋಡುತ್ತಾರೆ. ೨೦೧೯ನೆಯ ಅಕ್ಟೋಬರಿನಲ್ಲಿ ಆ ದೇಶದ ಎರಡು ತಂಡಗಳು ಮುಂಬಯಿಗೇ ಬಂದು ಆಡಿಹೋದುದೂ ಉಂಟು. ಹೀಗಾಗಿ ಊಟದ ಹೊತ್ತಿನಲ್ಲಿ, “ಅವನಿಗೆ ಪಂದ್ಯಕ್ಕೆ ಸರಾಸರಿ ಮೂವತ್ತು, ಇವನಿಗೆ ಹದಿನೈದು, ಆದುದರಿಂದ ಅವನೇ ದೊಡ್ಡವನು” ಎಂಬಂಥ ವಾದಗಳು ಕಿವಿಗೆ ಬೀಳುತ್ತವೆ. ಹಿರಿಯರು ಇದು ಹುಡುಗರ ಮಾತೆಂದು ಸುಮ್ಮನಾಗುವರು. ಆದರೆ ಬೇರೆ ಬೇರೆ ಕೆಲಸಗಳಲ್ಲಿ ತೊಡಗಿದ ಮನುಷ್ಯರನ್ನು ಅಂಕಿಗಳಿಂದ ಅಳೆಯುವಾಗ ಯಾರಿಗೂ ಅನ್ಯಾಯವಾಗದಂತೆ ಅಳೆಯುವುದು ಹೇಗೆ ಎಂಬ ಪ್ರಶ್ನೆಯು ಈ ವಾದದೊಳಗೆ ಅಡಗಿರುವುದು. ಗೃಹಸ್ಥರಾದ ನಮಗೆಲ್ಲ ಇದು ಪ್ರಯೋಜನಕ್ಕೆ ಬರತಕ್ಕ ಪ್ರಶ್ನೆಯಾದುದರಿಂದ ಈ ತಿಂಗಳು ಇದನ್ನೇ ವಿಚಾರಿಸೋಣ.

ಅಲಂಕಾರಶಾಸ್ತ್ರವನ್ನು ಓದಿದವರಿಗೆ ಉಪಮೆಯ ನಾಲ್ಕು ಅಂಗಗಳು ತಿಳಿದೇ ಇವೆ: ಉಪಮೇಯ, ಉಪಮಾನ, ಉಪಮಾವಾಚಕ, ಸಾಧಾರಣಧರ್ಮ. ಮುಖವನ್ನು ಚಂದ್ರನಿಗೆ ಹೋಲಿಸುವಾಗ ಎರಡಕ್ಕೂ ಸಮಾನವಾದ ಆಹ್ಲಾದಕತ್ವವೆಂಬ ಧರ್ಮವೊಂದು ಇರಬೇಕು. ಅದಿಲ್ಲದಿದ್ದರೆ ಹೋಲಿಕೆಯೇ ನಿಲ್ಲುವುದಿಲ್ಲ. ಆಟಗಾರರನ್ನು ಹೋಲಿಸುವವರು ಉಪಮೇಯ ಉಪಮಾನಗಳನ್ನು ಮರೆಯುವುದಿಲ್ಲ. ವಾಚಕ ಶಬ್ದವಂತೂ ಗಟ್ಟಿಯಾಗಿಯೇ ಕೇಳಿಬರುತ್ತದೆ. ಅವರು ಮರೆಯುವುದು ಸಾಧಾರಣಧರ್ಮವನ್ನು. ಯಾವ ವಿಷಯದಲ್ಲಿ ಹೋಲಿಸುತ್ತಿದ್ದೇವೆ, ಆ ವಿಷಯವು ಇಬ್ಬರಲ್ಲಿಯೂ ಒಂದೇ ಬಗೆಯಾಗಿ ಇದೆಯೇ ಎಂದು ಕೇಳುವವರು ವಿರಳ. ಅನೇಕ ವರ್ಷ ಮಕ್ಕಳ ಅಂಕಪಟ್ಟಿಗಳನ್ನು ಬರೆದ ನಮಗೆ ಈ ಮರೆವಿನ ಪರಿಚಯವು ಚೆನ್ನಾಗಿಯೇ ಉಂಟು. ಗಣಿತದಲ್ಲಿ ತೊಂಬತ್ತು ಬಂದವನೂ ಸಂಸ್ಕೃತದಲ್ಲಿ ಅರುವತ್ತು ಬಂದವನೂ ಎದುರಿಗೆ ನಿಂತಾಗ, ಪ್ರಶ್ನೆಪತ್ರಿಕೆ ಎಷ್ಟು ಕಠಿಣವಾಗಿತ್ತೆಂದು ವಿಚಾರಿಸದೆ ತೀರ್ಪು ಕೊಡುವವರೇ ಹೆಚ್ಚು.

ಮೊದಲು ಆಟದ ಸ್ವರೂಪವನ್ನು ತಿಳಿದುಕೊಳ್ಳಬೇಕು. ೧೮೯೧ನೆಯ ಡಿಸೆಂಬರಿನಲ್ಲಿ ಅಮೆರಿಕಾದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮೋಪಾಧ್ಯಾಯನು, ಚಳಿಗಾಲದಲ್ಲಿ ವಿದ್ಯಾರ್ಥಿಗಳು ಒಳಾಂಗಣದಲ್ಲಿ ಆಡುವುದಕ್ಕಾಗಿ ಪೀಚ್ ಹಣ್ಣಿನ ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿ, ಹದಿಮೂರು ನಿಯಮಗಳನ್ನು ಬರೆದು ಈ ಆಟವನ್ನು ಹುಟ್ಟಿಸಿದನು. ಇಂದು ಬುಟ್ಟಿಯ ಸ್ಥಾನದಲ್ಲಿ ಹತ್ತು ಅಡಿ ಎತ್ತರದ ಕಬ್ಬಿಣದ ಬಳೆಯಿದೆ. ಪಕ್ಷಕ್ಕೆ ಐವರು ಆಡುತ್ತಾರೆ. ಹಣಕ್ಕಾಗಿ ಆಡುವವರ ದೊಡ್ಡ ಸಂಘವಾದ ಎನ್‌ಬಿಎಯು ೧೯೪೬ರಲ್ಲಿ ಬೇರೊಂದು ಹೆಸರಿನಿಂದ ಆರಂಭವಾಗಿ ೧೯೪೯ರಲ್ಲಿ ಈಗಿನ ಹೆಸರನ್ನು ಪಡೆಯಿತು. ಅಲ್ಲಿ ಒಂದು ಪಂದ್ಯಕ್ಕೆ ನಲವತ್ತೆಂಟು ನಿಮಿಷಗಳ ಕಾಲ.

ಐವರಿಗೂ ಐದು ಸ್ಥಾನಗಳನ್ನು ಸಂಪ್ರದಾಯವು ಗೊತ್ತುಮಾಡಿದೆ. ಪಾಯಿಂಟ್ ಗಾರ್ಡ್ ಎಂಬವನು ಚೆಂಡನ್ನು ಪುಟಿಸುತ್ತ ಮುಂದಕ್ಕೆ ತಂದು ಅದನ್ನು ಯಾರಿಗೆ ಯಾವಾಗ ಕೊಡಬೇಕೆಂದು ನಿಶ್ಚಯಿಸತಕ್ಕವನು. ಶೂಟಿಂಗ್ ಗಾರ್ಡ್ ದೂರದಿಂದ ಎಸೆಯುವುದರಲ್ಲಿ ಪಳಗಿದವನು. ಸ್ಮಾಲ್ ಫಾರ್ವರ್ಡ್ ಒಳಗೂ ಹೊರಗೂ ಸಲ್ಲುವವನು. ಪವರ್ ಫಾರ್ವರ್ಡ್ ಬುಟ್ಟಿಯ ಬಳಿಯ ನೂಕಾಟದಲ್ಲಿ ನಿಲ್ಲತಕ್ಕವನು. ಸೆಂಟರ್ ಸಾಮಾನ್ಯವಾಗಿ ಎಲ್ಲರಿಗಿಂತ ಎತ್ತರದವನು, ಬುಟ್ಟಿಯ ಕಾವಲುಗಾರನು. ಇವರ ಕೆಲಸಗಳನ್ನು ಎಣಿಸಲು ಕೆಲವು ಲೆಕ್ಕಗಳುಂಟು. ಬುಟ್ಟಿಗೆ ಹಾಕಿದರೆ ಪಾಯಿಂಟು. ಗುರಿ ತಪ್ಪಿ ಪುಟಿದ ಚೆಂಡನ್ನು ಹಿಡಿದರೆ ರಿಬೌಂಡು. ಸಂಗಡಿಗನು ಬುಟ್ಟಿಗೆ ಹಾಕುವಂತೆ ಚೆಂಡನ್ನು ಒದಗಿಸಿದರೆ ಅಸಿಸ್ಟು. ಎದುರಾಳಿಯ ಎಸೆತವನ್ನು ತಡೆದರೆ ಬ್ಲಾಕು. ಅವನ ಕೈಯಿಂದ ಚೆಂಡನ್ನು ಕಸಿದರೆ ಸ್ಟೀಲು. ಬುಟ್ಟಿಯ ಕೆಳಗೆ ನಿಂತವನಿಗೆ ರಿಬೌಂಡು ಸುಲಭ, ಚೆಂಡನ್ನು ಕೈಯಲ್ಲಿಟ್ಟುಕೊಂಡವನಿಗೆ ಅಸಿಸ್ಟು ಸುಲಭ. ಸೆಂಟರನಿಗೆ ಅಸಿಸ್ಟು ಕಡಿಮೆಯೆಂದು ದೂಷಿಸುವುದೂ ಗಾರ್ಡನಿಗೆ ರಿಬೌಂಡು ಕಡಿಮೆಯೆಂದು ಹಳಿಯುವುದೂ ಅಕ್ಕಿಯನ್ನು ಮೊಳದಿಂದಲೂ ಬಟ್ಟೆಯನ್ನು ಸೇರಿನಿಂದಲೂ ಅಳೆದಂತೆಯೇ ಸರಿ.

ಇದಕ್ಕೆ ಒಂದು ನಿಜವಾದ ಉದಾಹರಣೆಯನ್ನು ತೆಗೆದುಕೊಳ್ಳೋಣ. ೨೦೧೪–೧೫ರ ಸಾಲಿನಲ್ಲಿ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್ ತಂಡದ ಸೆಂಟರ್ ಡಿಆಂಡ್ರೆ ಜೋರ್ಡನ್ ಎಂಬವನು ೫೩೪ ಸಲ ಬುಟ್ಟಿಗೆ ಎಸೆದು ೩೭೯ ಸಲ ಸಫಲನಾದನು. ಎಂದರೆ ನೂರಕ್ಕೆ ೭೧. ಅದೇ ಸಾಲಿನಲ್ಲಿ ಗೋಲ್ಡನ್ ಸ್ಟೇಟ್ ತಂಡದ ಪಾಯಿಂಟ್ ಗಾರ್ಡ್ ಸ್ಟೀಫನ್ ಕರ‍್ರಿಯು ೧೩೪೧ ಸಲ ಎಸೆದು ೬೫೩ ಸಲ ಸಫಲನಾದನು. ಎಂದರೆ ನೂರಕ್ಕೆ ೪೮.೭. ಇಷ್ಟನ್ನೇ ನೋಡಿದವನು ಜೋರ್ಡನ್ನನೇ ಬಹು ದೊಡ್ಡ ಗುರಿಕಾರನೆಂದು ಹೇಳಿಬಿಡುವನು. ಆದರೆ ಆ ವರ್ಷದ ಶ್ರೇಷ್ಠ ಆಟಗಾರನೆಂಬ ಗೌರವವು ಕರ‍್ರಿಗೆ ಸಂದಿತು. ಹಾಗಾದರೆ ಅಂಕಿಯು ಸುಳ್ಳು ಹೇಳಿತೇ? ಇಲ್ಲ. ಅಂಕಿಯು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಟ್ಟಿತು, ಪ್ರಶ್ನೆಯೇ ಅರ್ಧವಾಗಿದ್ದಿತು.

ಹೇಗೆಂದರೆ, ಎಲ್ಲ ಎಸೆತಗಳಿಗೂ ಬೆಲೆ ಒಂದೇ ಅಲ್ಲ. ೧೯೭೯–೮೦ರಿಂದ ಎನ್‌ಬಿಎಯಲ್ಲಿ ದೂರದ ಗೆರೆಯ ಆಚೆಯಿಂದ ಹಾಕಿದ ಬುಟ್ಟಿಗೆ ಎರಡರ ಬದಲು ಮೂರು ಪಾಯಿಂಟು ಕೊಡುತ್ತಾರೆ. ಕರ‍್ರಿಯ ೬೫೩ರಲ್ಲಿ ೨೮೬ ಅಂತಹವು. ಜೋರ್ಡನ್ನನಿಗೆ ವರ್ಷವಿಡೀ ಒಂದೇ ಒಂದು. ಮೇಲಾಗಿ ಎದುರಾಳಿಯು ತಪ್ಪು ಮಾಡಿದಾಗ ಯಾರ ಅಡ್ಡಿಯೂ ಇಲ್ಲದೆ ಎಸೆಯುವ ಫ್ರೀ ಥ್ರೋ ಎಂಬುದೊಂದುಂಟು. ಅದರಲ್ಲಿ ಕರ‍್ರಿಯು ೩೩೭ಕ್ಕೆ ೩೦೮ನ್ನು ಹಾಕಿದನು, ಜೋರ್ಡನ್ನನು ೪೭೧ಕ್ಕೆ ೧೮೭ನ್ನು ಮಾತ್ರ. ಜೋರ್ಡನ್ನನ ಈ ಕೊರತೆಯನ್ನು ಅರಿತ ಎದುರಾಳಿಗಳು ಬೇಕೆಂದೇ ಅವನ ಮೇಲೆ ತಪ್ಪು ಮಾಡಿ ಅವನನ್ನು ಫ್ರೀ ಥ್ರೋ ಗೆರೆಗೆ ಕಳುಹಿಸುತ್ತಿದ್ದರು.

ಇವೆಲ್ಲವನ್ನೂ ಒಂದೇ ತಕ್ಕಡಿಯಲ್ಲಿಡುವ ಲೆಕ್ಕವೊಂದುಂಟು. ಅದಕ್ಕೆ ಟ್ರೂ ಶೂಟಿಂಗ್ ಎಂದು ಹೆಸರು. ಫ್ರೀ ಥ್ರೋಗಳ ಸಂಖ್ಯೆಯನ್ನು ೦.೪೪ರಿಂದ ಗುಣಿಸಿ ಎಸೆತಗಳ ಸಂಖ್ಯೆಗೆ ಕೂಡಬೇಕು. ಫ್ರೀ ಥ್ರೋಗಳು ಹೆಚ್ಚಾಗಿ ಎರಡೆರಡಾಗಿ ಬಂದು ಒಂದು ಎಸೆತದ ಸ್ಥಾನವನ್ನು ಹಿಡಿಯುತ್ತವೆ; ಬುಟ್ಟಿ ಬಿದ್ದ ಮೇಲೆ ದೊರೆಯುವ ಒಂಟಿ ಎಸೆತ ಮುಂತಾದುವೂ ನಡುವೆ ಇರುವುದರಿಂದ ಅರ್ಧಕ್ಕಿಂತ ಸ್ವಲ್ಪ ಕಡಿಮೆಯಾದ ಈ ಸಂಖ್ಯೆಯನ್ನು ಹಿಡಿದಿದ್ದಾರೆ. ಬಂದ ಮೊತ್ತವನ್ನು ಇಮ್ಮಡಿಸಿ, ಅದರಿಂದ ಆಟಗಾರನ ಒಟ್ಟು ಪಾಯಿಂಟುಗಳನ್ನು ಭಾಗಿಸಬೇಕು. ಜೋರ್ಡನ್ನನ ಪಾಯಿಂಟುಗಳು ೯೪೬, ಕರ‍್ರಿಯವು ೧೯೦೦. ಮನೆಯ ಹುಡುಗರು ಕಾಗದದ ಮೇಲೆ ಲೆಕ್ಕ ಮಾಡಿ ನೋಡಲಿ: ಇಬ್ಬರಿಗೂ ಬರುವ ಉತ್ತರವು ೦.೬೩೮! ಒಬ್ಬನು ನೂರಕ್ಕೆ ೭೧, ಇನ್ನೊಬ್ಬನು ೪೮.೭ ಎಂದು ತೋರುತ್ತಿದ್ದವರು, ಸಾಧಾರಣಧರ್ಮವನ್ನು ಸರಿಯಾಗಿ ಹಿಡಿದೊಡನೆ ಸರಿಸಮರಾಗಿ ನಿಂತರು.

ಆದರೆ ಇಲ್ಲಿಗೇ ನಿಂತರೆ ಮತ್ತೊಂದು ಅನ್ಯಾಯಕ್ಕೆ ಎಡೆಯಾಗುತ್ತದೆ. ಒಂದು ಗುಣದಲ್ಲಿ ಸಮನಾದವರು ಎಲ್ಲದರಲ್ಲಿಯೂ ಸಮನಲ್ಲ. ಕರ‍್ರಿಯು ಎಸೆತಗಳನ್ನು ಬಹುಪಾಲು ಕಾವಲುಗಾರರ ಕೈಗಳ ನಡುವೆ, ದೂರದಿಂದ, ಎರಡೂವರೆಪಟ್ಟು ಹೆಚ್ಚಾಗಿ ಎಸೆದನು. ಅದರ ಜೊತೆಗೆ ಪಂದ್ಯಕ್ಕೆ ಸರಾಸರಿ ೭.೭ ಅಸಿಸ್ಟುಗಳನ್ನೂ ಮಾಡಿದನು. ಜೋರ್ಡನ್ನನ ಬುಟ್ಟಿಗಳಲ್ಲಿ ಬಹುಪಾಲು, ಬಳೆಯ ಬಳಿಗೆ ಬಂದು ಒದಗಿದ ಚೆಂಡನ್ನು ಮೇಲಿನಿಂದ ತುರುಕಿದವು. ಅವನ ಸಂಗಡಿಗನಾದ ಕ್ರಿಸ್ ಪಾಲ್ ಆ ವರ್ಷ ಪಂದ್ಯಕ್ಕೆ ಸರಾಸರಿ ೧೦.೨ ಅಸಿಸ್ಟುಗಳೊಡನೆ ಎಲ್ಲರಿಗಿಂತ ಮುಂದಿದ್ದವನು. ಎಸೆತಗಳ ಭಾರವನ್ನು ಇಮ್ಮಡಿಸಿದರೆ ಜೋರ್ಡನ್ನನ ಸಫಲತೆಯು ಹಾಗೆಯೇ ಉಳಿಯುತ್ತಿತ್ತೆಂದು ಯಾರೂ ಹೇಳರು. ಇತ್ತ ಜೋರ್ಡನ್ನನು ಪಂದ್ಯಕ್ಕೆ ೧೫ ರಿಬೌಂಡುಗಳನ್ನು ಹಿಡಿದು ಬುಟ್ಟಿಯನ್ನು ಕಾದನು; ಆ ಕೆಲಸವನ್ನು ಕರ‍್ರಿಗೆ ವಹಿಸಿದ್ದರೆ ಆತನು ಅದನ್ನು ನಿರ್ವಹಿಸಲಾರದೆ ಹೋಗುತ್ತಿದ್ದನು. ಆದುದರಿಂದ ಮೊದಲನೆಯ ನಿಯಮವೇನೆಂದರೆ: ಆಟಗಾರನಿಗೆ ವಹಿಸಿದ ಕೆಲಸವಾವುದು, ಅದರ ಭಾರವೆಷ್ಟು, ಅವನ ಕೈಗೆ ಅದನ್ನು ಒದಗಿಸಿಕೊಟ್ಟವರು ಯಾರು ಎಂಬುದನ್ನು ತಿಳಿಯದೆ ಶೇಕಡಾ ಲೆಕ್ಕವನ್ನು ನಂಬತಕ್ಕದ್ದಲ್ಲ.

ಎರಡನೆಯದು ಕಾಲದ ವಿಚಾರ. ೧೯೬೧–೬೨ರಲ್ಲಿ ಸಿನ್ಸಿನಾಟಿ ತಂಡದ ಆಸ್ಕರ್ ರಾಬರ್ಟ್‌ಸನ್ ಎಂಬ ಗಾರ್ಡನು ಪಂದ್ಯಕ್ಕೆ ಸರಾಸರಿ ೩೦.೮ ಪಾಯಿಂಟು, ೧೨.೫ ರಿಬೌಂಡು, ೧೧.೪ ಅಸಿಸ್ಟುಗಳನ್ನು ಗಳಿಸಿದನು. ಮೂರರಲ್ಲಿಯೂ ಹತ್ತನ್ನು ದಾಟಿದ ಇಂಥ ಸರಾಸರಿಯು ಮತ್ತೆ ಐವತ್ತೈದು ವರ್ಷ ಯಾರಿಗೂ ಸಾಧ್ಯವಾಗಲಿಲ್ಲ. ೨೦೧೬–೧೭ರಲ್ಲಿ ಓಕ್ಲಹೋಮಾ ಸಿಟಿಯ ರಸೆಲ್ ವೆಸ್ಟ್‌ಬ್ರೂಕ್ ೩೧.೬ ಪಾಯಿಂಟು, ೧೦.೭ ರಿಬೌಂಡು, ೧೦.೪ ಅಸಿಸ್ಟುಗಳನ್ನು ಗಳಿಸಿದನು. ರಿಬೌಂಡುಗಳಲ್ಲಿ ರಾಬರ್ಟ್‌ಸನ್ನನೇ ಹೆಚ್ಚಲ್ಲವೆ ಎಂದು ಹುಡುಗನು ಕೇಳುವನು.

ಆಗ ಆಟದ ವೇಗವೇ ಬೇರೆಯಾಗಿದ್ದಿತು. ೧೯೬೧–೬೨ರಲ್ಲಿ ಒಂದು ತಂಡವು ಪಂದ್ಯಕ್ಕೆ ಸರಾಸರಿ ೧೦೭ ಸಲ ಬುಟ್ಟಿಗೆ ಎಸೆಯುತ್ತಿತ್ತು. ೨೦೧೬–೧೭ರಲ್ಲಿ ಸುಮಾರು ೮೫ ಸಲ. ಹಿಂದಿನವರ ಗುರಿಯೂ ಈಗಿನಷ್ಟು ನೆಟ್ಟಗಿರಲಿಲ್ಲ. ಎಸೆತ ಹೆಚ್ಚಾಗಿ, ಗುರಿ ತಪ್ಪುವುದೂ ಹೆಚ್ಚಾದರೆ, ಹಿಡಿಯಲು ಸಿಕ್ಕುವ ಚೆಂಡುಗಳೂ ಹೆಚ್ಚೇ ತಾನೆ? ಆಗ ತಂಡವೊಂದಕ್ಕೆ ಪಂದ್ಯಕ್ಕೆ ಸುಮಾರು ೭೦ ರಿಬೌಂಡುಗಳು ದೊರೆಯುತ್ತಿದ್ದುವು. ೨೦೧೬–೧೭ರಲ್ಲಿ ಸುಮಾರು ೪೩. ಆ ಕಾಲದ ಸಾಮಾನ್ಯ ಬೆಳೆಗೆ ಹೋಲಿಸಿದರೆ ರಾಬರ್ಟ್‌ಸನ್ನನ ಪಾಲು ನೂರಕ್ಕೆ ೧೮. ವೆಸ್ಟ್‌ಬ್ರೂಕನದು ನೂರಕ್ಕೆ ೨೫. ಮೇಲಾಗಿ ಹಿಂದಿನವನು ಪಂದ್ಯಕ್ಕೆ ೪೪ ನಿಮಿಷ ಆಡಿದನು, ಈಚಿನವನು ೩೫ಕ್ಕೂ ಸ್ವಲ್ಪ ಕಡಿಮೆ. ಹತ್ತು ಖಂಡುಗ ಬೆಳೆಯುವ ಗದ್ದೆಯಲ್ಲಿ ಎರಡು ಖಂಡುಗ ಪಾಲು ಪಡೆದವನಿಗಿಂತ ಆರು ಖಂಡುಗದ ಗದ್ದೆಯಲ್ಲಿ ಒಂದೂವರೆ ಪಡೆದವನ ಪಾಲು ದೊಡ್ಡದು. ಇದು ರೈತರಿಗೆ ಹೇಳಿಕೊಡಬೇಕಾದ ಲೆಕ್ಕವಲ್ಲ.

ಇದರಿಂದ ರಾಬರ್ಟ್‌ಸನ್ನನ ಕೀರ್ತಿಗೆ ಕುಂದು ಬಾರದು. ಇನ್ನೊಂದು ಸಂಗತಿಯನ್ನೂ ತಕ್ಕಡಿಗೆ ಹಾಕಬೇಕು. ವೆಸ್ಟ್‌ಬ್ರೂಕನು ಹಿಡಿದ ಅನೇಕ ಚೆಂಡುಗಳ ಹಿಂದೆ ಸ್ಟೀವನ್ ಆಡಮ್ಸ್ ಎಂಬ ನ್ಯೂಜಿಲೆಂಡಿನ ಸೆಂಟರನ ಬೆನ್ನಿತ್ತು. ಆತನು ಎದುರಾಳಿಯನ್ನು ತನ್ನ ದೇಹದಿಂದ ಅಡ್ಡಗಟ್ಟಿ ನಿಲ್ಲುತ್ತಿದ್ದನು. ಖಾಲಿಯಾದ ಸ್ಥಳಕ್ಕೆ ಗಾರ್ಡನು ಓಡಿಬಂದು ಚೆಂಡನ್ನು ಹಿಡಿದು ಹಾಗೆಯೇ ಮುಂದಕ್ಕೆ ಓಡುತ್ತಿದ್ದನು. ಲೆಕ್ಕದ ಪುಸ್ತಕದಲ್ಲಿ ಹಿಡಿದವನ ಹೆಸರು ಮಾತ್ರ ಏರಿತು. ಮದುವೆಯ ಮನೆಯಲ್ಲಿ ಬಡಿಸುವವನ ಕೈ ಎಲ್ಲರಿಗೂ ಕಾಣುತ್ತದೆ. ಒಲೆಯ ಮುಂದೆ ಬೆಂದವನನ್ನು ಕೇಳುವವರಿಲ್ಲ.

ಮೂರನೆಯದು ಪ್ರಮಾಣದ ವಿಚಾರ. ಅನ್ನ ಬೆಂದಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು; ಇದು ಸ್ಥಾಲೀಪುಲಾಕನ್ಯಾಯ. ಈ ನ್ಯಾಯವು ಅಲ್ಲಿ ಸಲ್ಲುವುದಕ್ಕೆ ಕಾರಣವೇನೆಂದರೆ ಪಾತ್ರೆಯೊಳಗಿನ ಎಲ್ಲ ಅಗುಳುಗಳಿಗೂ ಒಂದೇ ನೀರು, ಒಂದೇ ಉರಿ. ಆಟಗಾರನ ಪಂದ್ಯಗಳು ಹಾಗಲ್ಲ. ಒಂದು ರಾತ್ರಿ ದುರ್ಬಲ ತಂಡವು ಎದುರಿಗಿರುತ್ತದೆ, ಮತ್ತೊಂದು ರಾತ್ರಿ ಪ್ರಬಲ ತಂಡ. ಕೆಲವರು, ಬೇರೆ ಬೇರೆ ಹೊತ್ತು ಆಡಿದವರನ್ನು ಹೋಲಿಸಲು ಎಲ್ಲರ ಲೆಕ್ಕವನ್ನೂ ಮೂವತ್ತಾರು ನಿಮಿಷಗಳಿಗೆ ತ್ರೈರಾಶಿಕದಿಂದ ಏರಿಸುತ್ತಾರೆ. ಮೂವತ್ತು ನಿಮಿಷ ಆಡಿದವರ ನಡುವೆ ಇದು ಒಳ್ಳೆಯ ಉಪಾಯ. ಆದರೆ ಗೆಲುವು ನಿಶ್ಚಯವಾದ ಮೇಲೆ ಕೊನೆಯ ಎಂಟು ನಿಮಿಷ ಕಣಕ್ಕಿಳಿದು, ದಣಿದ ಎದುರಾಳಿಗಳ ಮುಂದೆ ಆಡಿದವನ ಅಂಕಿಯನ್ನು ಹೀಗೆ ಹಿಗ್ಗಿಸಿದರೆ ಅವನೂ ಮಹಾವೀರನಂತೆ ತೋರುವನು. ಎನ್‌ಬಿಎಯವರೂ ೨೦೨೩–೨೪ರಿಂದ, ಸಾಲಿನ ೮೨ ಪಂದ್ಯಗಳಲ್ಲಿ ಸಾಮಾನ್ಯವಾಗಿ ೬೫ನ್ನಾದರೂ ಆಡಿದವರಿಗೇ ಮುಖ್ಯ ಗೌರವಗಳೆಂದು ನಿಯಮ ಮಾಡಿದ್ದಾರೆ.

ನಾಲ್ಕನೆಯದು ಎಲ್ಲಕ್ಕಿಂತ ಗಹನವಾದುದು: ಎಣಿಸದೆ ಬಿಟ್ಟ ಕೆಲಸಗಳ ವಿಚಾರ. ೧೯೬೧–೬೨ರಲ್ಲಿಯೇ ಫಿಲಡೆಲ್ಫಿಯಾ ವಾರಿಯರ್ಸ್ ತಂಡದ ಸೆಂಟರ್ ವಿಲ್ಟ್ ಚೇಂಬರ್ಲೇನ್ ಪಂದ್ಯಕ್ಕೆ ಸರಾಸರಿ ೫೦.೪ ಪಾಯಿಂಟು, ೨೫.೭ ರಿಬೌಂಡುಗಳನ್ನು ಗಳಿಸಿದನು. ೧೯೬೨ನೆಯ ಮಾರ್ಚ್ ೨ರಂದು ಒಂದೇ ಪಂದ್ಯದಲ್ಲಿ ನೂರು ಪಾಯಿಂಟು ಹೊಡೆದವನೂ ಈತನೇ. ಆ ಸಂಖ್ಯೆಯನ್ನು ಈವರೆಗೆ ಯಾರೂ ಮುಟ್ಟಿಲ್ಲ. ಅದೇ ವರ್ಷ ಬೋಸ್ಟನ್ ಸೆಲ್ಟಿಕ್ಸ್ ತಂಡದ ಸೆಂಟರ್ ಬಿಲ್ ರಸೆಲ್ಲನಿಗೆ ಸರಾಸರಿ ೧೮.೯ ಪಾಯಿಂಟು, ೨೩.೬ ರಿಬೌಂಡು. ಇಬ್ಬರ ಸ್ಥಾನವೂ ಒಂದೇ, ಕಾಲವೂ ಒಂದೇ. ಆದರೂ ಶ್ರೇಷ್ಠ ಆಟಗಾರನೆಂಬ ಗೌರವವು ರಸೆಲ್ಲನಿಗೆ ಸಂದಿತು. ಅದನ್ನು ಆಗ ಕೊಡುತ್ತಿದ್ದವರು ಇಬ್ಬರ ಎದುರಿಗೂ ಆಡಿ ಬಲ್ಲ ಆಟಗಾರರೇ, ತಮ್ಮ ಮತಗಳಿಂದ. ಅವರು ಕಂಡದ್ದೇನು? ರಸೆಲ್ಲನು ಎದುರಾಳಿಯ ಎಸೆತವನ್ನು ತಡೆಯುವುದರಲ್ಲಿ ಅಸಮಾನನು. ತಡೆದ ಚೆಂಡನ್ನು ಗ್ಯಾಲರಿಗೆ ಬಡಿಯದೆ ಅಂಗಣದಲ್ಲಿಯೇ ಉಳಿಸಿ ಸಂಗಡಿಗರ ಕೈಗೆ ಸೇರಿಸುತ್ತಿದ್ದನು. ಅವನು ಅಲ್ಲಿ ನಿಂತಿದ್ದಾನೆಂಬ ಭಯದಿಂದ ಎಸೆಯದೆಯೇ ಹಿಂದಿರುಗಿದವರೂ ಅನೇಕರು. ಆದರೆ ಎನ್‌ಬಿಎಯಲ್ಲಿ ಬ್ಲಾಕು ಸ್ಟೀಲುಗಳನ್ನು ಅಧಿಕೃತವಾಗಿ ಎಣಿಸತೊಡಗಿದುದು ೧೯೭೩–೭೪ರಲ್ಲಿ. ರಸೆಲ್ಲನು ಆಟವನ್ನು ಬಿಟ್ಟುದು ೧೯೬೯ರಲ್ಲಿ. ಹದಿಮೂರು ಸಾಲುಗಳಲ್ಲಿ ಹನ್ನೊಂದು ಸಲ ತನ್ನ ತಂಡಕ್ಕೆ ಕಿರೀಟವನ್ನು ತಂದವನ ಮುಖ್ಯ ವಿದ್ಯೆಗೆ ಲೆಕ್ಕದ ಪುಸ್ತಕದಲ್ಲಿ ಒಂದು ಅಂಕಣವೂ ಇರಲಿಲ್ಲ.

ಹಾಗೆಂದು ಹನ್ನೊಂದು ಕಿರೀಟಗಳನ್ನು ರಸೆಲ್ಲನೊಬ್ಬನ ಖಾತೆಗೇ ಬರೆದರೆ ಅದೂ ಅನ್ಯಾಯವೇ. ಬಾಬ್ ಕೌಸಿ, ಸ್ಯಾಮ್ ಜೋನ್ಸ್ ಮುಂತಾದ ಅತಿಸಮರ್ಥರು ಅವನ ಜೊತೆಗಿದ್ದರು. ೧೯೬೨ರಲ್ಲಿ ಈ ಎರಡು ತಂಡಗಳ ನಡುವಣ ಏಳನೆಯ ನಿರ್ಣಾಯಕ ಪಂದ್ಯವು ಬೋಸ್ಟನ್ನಿಗೆ ಬರಿಯ ಎರಡು ಪಾಯಿಂಟುಗಳಿಂದ ದಕ್ಕಿತು. ಕೊನೆಯ ಗಳಿಗೆಯ ಬುಟ್ಟಿಯು ಜೋನ್ಸನದು. ಆ ಎಸೆತವು ತಪ್ಪಿದ್ದರೆ ಜನರ ಬಾಯಲ್ಲಿ ತೀರ್ಪೇ ಬದಲಾಗುತ್ತಿತ್ತೇನೋ. ಕಿರೀಟವು ತಂಡದ ಸ್ವತ್ತು; ಅದನ್ನು ಒಬ್ಬನ ತಲೆಯ ಅಳತೆಗೆ ಕತ್ತರಿಸಲಾಗದು.

ಇದಕ್ಕಿಂತಲೂ ಬೋಧಪ್ರದವಾದುದು ಚೇಂಬರ್ಲೇನನನ್ನು ಅವನಿಗೇ ಹೋಲಿಸುವುದು. ಐದು ವರ್ಷಗಳ ಬಳಿಕ, ೧೯೬೬–೬೭ರಲ್ಲಿ, ಫಿಲಡೆಲ್ಫಿಯಾ ಸೆವೆಂಟಿಸಿಕ್ಸರ್ಸ್ ತಂಡದಲ್ಲಿ ಅಲೆಕ್ಸ್ ಹ್ಯಾನಮ್ ಎಂಬ ತರಬೇತುದಾರನ ಕೈಕೆಳಗೆ ಈತನು ಎಸೆಯುವುದನ್ನು ಕಡಿಮೆ ಮಾಡಿ ಹಂಚುವುದನ್ನು ಹೆಚ್ಚಿಸಿದನು. ಸರಾಸರಿಯು ೫೦.೪ರಿಂದ ೨೪.೧ಕ್ಕೆ ಇಳಿಯಿತು, ಅಸಿಸ್ಟುಗಳು ೭.೮ಕ್ಕೆ ಏರಿದುವು. ೧೯೬೧–೬೨ರಲ್ಲಿ ಅವನ ತಂಡವು ೮೦ರಲ್ಲಿ ೪೯ ಪಂದ್ಯಗಳನ್ನು ಗೆದ್ದಿದ್ದರೆ, ಈಗ ಅವನ ತಂಡವು ೮೧ರಲ್ಲಿ ೬೮ನ್ನು ಗೆದ್ದು, ಬೋಸ್ಟನ್ನನ್ನೂ ಸೋಲಿಸಿ, ಕಿರೀಟವನ್ನು ಧರಿಸಿತು. ಈ ಎರಡನೆಯ ತಂಡದಲ್ಲಿ ಜೊತೆಗಾರರು ಹೆಚ್ಚು ಸಮರ್ಥರೆಂಬುದು ನಿಜ. ಆದರೂ ಪಾಯಿಂಟು ಅರ್ಧಕ್ಕಿಂತ ಕಡಿಮೆಯಾದ ವರ್ಷವೇ ಮನುಷ್ಯನ ಪೂರ್ಣಫಲದ ವರ್ಷವಾಯಿತೆಂಬುದನ್ನು ಕಂಡ ಮೇಲೆ, “ಮೂವತ್ತು ಹದಿನೈದಕ್ಕಿಂತ ಹೆಚ್ಚು” ಎಂಬ ಊಟದ ಹೊತ್ತಿನ ವಾದವು ಎಲ್ಲಿ ನಿಂತಿತು?

ಎಣಿಕೆಗೆ ಸಿಕ್ಕದ ಗುಣವನ್ನು ಎಣಿಸುವ ಪ್ರಯತ್ನವೂ ನಡೆದಿದೆ. ಆಟಗಾರನು ಅಂಗಣದಲ್ಲಿದ್ದಾಗ ತಂಡವು ಎಷ್ಟು ಮುಂದಾಯಿತು, ಅವನು ಹೊರಗೆ ಕುಳಿತಾಗ ಎಷ್ಟು ಹಿಂದಾಯಿತು ಎಂದು ಲೆಕ್ಕಹಾಕುವುದು ಆ ಮಾರ್ಗ. ಅದಕ್ಕೆ ಪ್ಲಸ್–ಮೈನಸ್ ಎನ್ನುತ್ತಾರೆ. ಹ್ಯೂಸ್ಟನ್ ರಾಕೆಟ್ಸ್ ತಂಡದಲ್ಲಿದ್ದ ಶೇನ್ ಬ್ಯಾಟಿಯೇ ಎಂಬ ಆಟಗಾರನ ವಿಷಯವಾಗಿ ಮೈಕೆಲ್ ಲೂಯಿಸ್ ಎಂಬ ಲೇಖಕನು ೨೦೦೯ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವಾರದ ಸಂಚಿಕೆಯಲ್ಲಿ ಬರೆದ ಲೇಖನವು ಪ್ರಸಿದ್ಧವಾಗಿದೆ. ಬ್ಯಾಟಿಯೇ ಜೀವಮಾನದಲ್ಲಿ ಗಳಿಸಿದ ಸರಾಸರಿಯು ೮.೬ ಪಾಯಿಂಟು ಮಾತ್ರ. ಮೇಲುನೋಟಕ್ಕೆ ಅವನು ಸಾಧಾರಣನು. ಆದರೆ ಅವನು ಆಡುತ್ತಿರುವಾಗ ಸಂಗಡಿಗರು ಉತ್ತಮರಾಗುತ್ತಿದ್ದರು, ಎದುರಾಳಿಗಳು ಮಂಕಾಗುತ್ತಿದ್ದರು. ಕೋಬಿ ಬ್ರಯಂಟನಂಥ ಮಹಾ ಎಸೆಗಾರನನ್ನು ಕಾಯುವಾಗ, ಅವನಿಗೆ ಕಷ್ಟವಾದ ಸ್ಥಳಗಳತ್ತ ಅವನನ್ನು ತಳ್ಳುತ್ತ, ಎಸೆಯುವ ಗಳಿಗೆಯಲ್ಲಿ ಅವನ ಕಣ್ಣಿಗೆ ಕೈಯನ್ನು ಅಡ್ಡವಾಗಿ ಹಿಡಿಯುತ್ತಿದ್ದನು. ಈ ಕೆಲಸಕ್ಕೆ ಪಾಯಿಂಟೂ ಇಲ್ಲ, ಬ್ಲಾಕೂ ಇಲ್ಲ. ಗೆಲುವಿನಲ್ಲಿ ಮಾತ್ರ ಪಾಲುಂಟು.

ಈ ತಕ್ಕಡಿಗೂ ದೋಷವಿಲ್ಲದೆ ಇಲ್ಲ. ಯಾವಾಗಲೂ ಒಬ್ಬ ಮಹಾ ಆಟಗಾರನ ಜೊತೆಯಲ್ಲಿಯೇ ಆಡುವವನಿಗೆ ಅವನ ಪುಣ್ಯದ ಪಾಲೂ ಸೇರಿಹೋಗುತ್ತದೆ. ಅದನ್ನು ಬೇರ್ಪಡಿಸಲು ಬಹಳ ಪಂದ್ಯಗಳ ಲೆಕ್ಕವೂ ಕಠಿಣ ಗಣಿತವೂ ಬೇಕು. ಎಲ್ಲ ಅಂಕಿಗಳನ್ನೂ ಬೆರೆಸಿ ಒಂದೇ ಸಂಖ್ಯೆಯನ್ನು ಕೊಡುವ ಉಪಾಯಗಳೂ ಉಂಟು. ಜಾನ್ ಹಾಲಿಂಜರ್ ಎಂಬವನು ಕಲ್ಪಿಸಿದ, ಪಿಇಆರ್ ಎಂದು ಕರೆಯಲ್ಪಡುವ ಮಾನವು ಅವುಗಳಲ್ಲಿ ಒಂದು. ಇದರಲ್ಲಿ ಪ್ರತಿ ಸಾಲಿನ ಸಾಧಾರಣ ಆಟಗಾರನಿಗೆ ಹದಿನೈದೆಂದು ಗೊತ್ತುಮಾಡಿ, ಆಟದ ವೇಗವನ್ನೂ ಆಡಿದ ನಿಮಿಷಗಳನ್ನೂ ಗಣನೆಗೆ ತೆಗೆದುಕೊಳ್ಳುವುದರಿಂದ ಮೇಲೆ ಹೇಳಿದ ಎರಡು ದೋಷಗಳು ತಗ್ಗುತ್ತವೆ. ಆದರೆ ಲೆಕ್ಕದ ಪುಸ್ತಕದಲ್ಲಿ ಇಲ್ಲದುದು ಅದರೊಳಗೂ ಇರುವುದಿಲ್ಲ. ಬ್ಯಾಟಿಯೇಯ ಕಾವಲು ಅಲ್ಲಿ ಕಾಣದು. ಆನೆಯನ್ನು ಮುಟ್ಟಿದ ಕುರುಡರಂತೆ ಒಂದೊಂದು ಮಾನವೂ ಒಂದೊಂದು ಅಂಗವನ್ನು ನಿಜವಾಗಿಯೇ ಮುಟ್ಟಿರುತ್ತದೆ. ಆದುದರಿಂದ ಒಂದೇ ಮಾನವನ್ನು ಆಧರಿಸದೆ ನಾಲ್ಕು ಮಾನಗಳ ಸಾಕ್ಷ್ಯವನ್ನು ಕೇಳುವುದು ವಿವೇಕಿಗಳ ಲಕ್ಷಣ.

ಸ್ಥಾನಗಳಿಗೆ ತಕ್ಕಂತೆ ಅಳೆಯಬೇಕೆಂದು ಹೇಳಿದೆವಷ್ಟೆ. ಆದರೆ ಸ್ಥಾನದ ಗೆರೆಯನ್ನೇ ಕಲ್ಲಿನ ಗೋಡೆಯೆಂದು ಭಾವಿಸಿದರೂ ಅನ್ಯಾಯವಾಗುತ್ತದೆ. ಡೆನ್ವರ್ ತಂಡದ ನಿಕೋಲಾ ಯೋಕಿಚ್ ಎಂಬ ಸರ್ಬಿಯಾ ದೇಶದವನು ಸೆಂಟರನಾಗಿದ್ದರೂ ಗಾರ್ಡನಂತೆ ಚೆಂಡನ್ನು ಹಂಚುತ್ತಾನೆ. ೨೦೨೪–೨೫ರಲ್ಲಿ ಅವನ ಸರಾಸರಿಯು ೨೯.೬ ಪಾಯಿಂಟು, ೧೨.೭ ರಿಬೌಂಡು, ೧೦.೨ ಅಸಿಸ್ಟು, ಸೆಂಟರನೊಬ್ಬನು ಮೂರರಲ್ಲಿಯೂ ಹತ್ತನ್ನು ದಾಟಿದುದು ಅದೇ ಮೊದಲು. ಇನ್ನು ವರ್ಷಾಂತ್ಯದಲ್ಲಿ ಪತ್ರಕರ್ತರೂ ಪ್ರಸಾರಕರೂ ಆರಿಸುವ ಗೌರವತಂಡಗಳನ್ನು ನೋಡಿರಿ. ಹಿಂದೆ ಒಂದೊಂದು ತಂಡಕ್ಕೂ ಇಬ್ಬರು ಗಾರ್ಡರು, ಇಬ್ಬರು ಫಾರ್ವರ್ಡರು, ಒಬ್ಬನೇ ಸೆಂಟರ್ ಎಂಬ ನಿಯಮವಿತ್ತು. ೨೦೨೧ರಲ್ಲಿಯೂ ೨೦೨೨ರಲ್ಲಿಯೂ ಯೋಕಿಚ್ ಶ್ರೇಷ್ಠ ಆಟಗಾರನಾದನು, ಫಿಲಡೆಲ್ಫಿಯಾದ ಜೋಯೆಲ್ ಎಂಬೀಡ್ ಆ ಮತದಾನದಲ್ಲಿ ಎರಡನೆಯವನಾದನು. ಇಬ್ಬರೂ ಸೆಂಟರುಗಳಾದುದರಿಂದ, ಎಲ್ಲ ಆಟಗಾರರಲ್ಲಿ ಎರಡನೆಯವನೆನಿಸಿದ ಎಂಬೀಡನಿಗೆ ಮೊದಲನೆಯ ಐವರಲ್ಲಿ ಸ್ಥಳವೇ ಸಿಕ್ಕಲಿಲ್ಲ! ೨೦೨೩–೨೪ರಿಂದ ಈ ಸ್ಥಾನನಿಯಮವನ್ನು ತೆಗೆದುಹಾಕಿದ್ದಾರೆ.

ಇದು ಬರಿಯ ಮರ್ಯಾದೆಯ ಮಾತಲ್ಲ. ಕೆಲವು ಆಟಗಾರರ ಕರಾರಿನ ಮೊತ್ತವು ಈ ಗೌರವತಂಡಗಳಲ್ಲಿ ಹೆಸರು ಬರುವುದನ್ನು ಅವಲಂಬಿಸಿರುತ್ತದೆ. ಬೋಸ್ಟನ್ನಿನ ಜೇಸನ್ ಟೇಟಮ್ ೨೦೨೧ರಲ್ಲಿ ಆ ಮೂರು ತಂಡಗಳಲ್ಲಿ ಯಾವುದಕ್ಕೂ ಆಯ್ಕೆಯಾಗದ ಕಾರಣ, ಐದು ವರ್ಷಗಳ ಕರಾರಿನಲ್ಲಿ ಮೂರು ಕೋಟಿ ಡಾಲರುಗಳಿಗೂ ಮಿಕ್ಕಿದ ಹಣವು ಅವನ ಕೈತಪ್ಪಿತು. ಆತನಿಗೇನೂ ಬಡತನ ಬರಲಿಲ್ಲವೆಂಬುದು ಸರಿ. ಆದರೆ ತೀರ್ಪುಗಾರನ ಲೇಖನಿಯ ತುದಿಯಲ್ಲಿ ಇನ್ನೊಬ್ಬನ ಜೀವನದ ಫಲವು ತೂಗುತ್ತಿರುತ್ತದೆಂಬುದಕ್ಕೆ ಇದು ದೃಷ್ಟಾಂತ. ಆಟಗಾರರಿಗೆ ಕರಾರು ಇದ್ದಂತೆ, ನಮ್ಮ ಮನೆಗಳ ಮಕ್ಕಳಿಗೆ ನಮ್ಮ ಒಂದು ಮಾತು. ಅಣ್ಣನ ಅಂಕಗಳನ್ನು ತೋರಿಸಿ ತಮ್ಮನನ್ನು ಅಳೆಯುವ ತಂದೆತಾಯಿಗಳು ಇಬ್ಬರಿಗೂ ಒಂದೇ ಕೆಲಸವನ್ನು ಕೊಟ್ಟಿದ್ದರೇ, ತಮ್ಮನು ಮಾಡಿದ ಯಾವ ಕೆಲಸಕ್ಕೆ ಪಟ್ಟಿಯಲ್ಲಿ ಅಂಕಣವೇ ಇಲ್ಲ, ಎಂದು ಒಂದು ಗಳಿಗೆ ಯೋಚಿಸಿದರೆ ಒಳ್ಳೆಯದು.

ಈಗ ಹೇಳಿದುದನ್ನು ಒಂದುಗೂಡಿಸುವೆವು. ಇಬ್ಬರು ಆಟಗಾರರ ಹೆಸರು ಮುಂದೆ ಬಂದಾಗ ಮೊದಲು ಅವರವರಿಗೆ ವಹಿಸಿದ ಕೆಲಸವನ್ನು ಕೇಳಬೇಕು. ಒಂದೇ ಕೆಲಸವಾಗಿದ್ದರೆ ಆ ಕೆಲಸದ ಅಂಕಿಗಳನ್ನು ನೇರವಾಗಿ ಹೋಲಿಸಬಹುದು. ಅನಂತರ ಅವಕಾಶವನ್ನು ಕೇಳಬೇಕು: ಎಷ್ಟು ನಿಮಿಷ, ಎಷ್ಟು ಎಸೆತ, ಎಷ್ಟು ವೇಗದ ಕಾಲ. ಬಳಿಕ ಜೊತೆಗಾರರನ್ನೂ ಎದುರಾಳಿಗಳನ್ನೂ ನೋಡಬೇಕು. ಆಮೇಲೆ ಲೆಕ್ಕಕ್ಕೆ ಬಾರದ ಕೆಲಸವಾವುದೆಂದು ವಿಚಾರಿಸಬೇಕು. ಕೆಲಸಗಳೇ ಬೇರೆಯಾಗಿದ್ದಲ್ಲಿ ಉಳಿಯುವ ಸಾಧಾರಣಧರ್ಮವು ಒಂದೇ: ಅವನಿಂದ ತಂಡ��್ಕೆ ಆದ ಲಾಭ. ಅದನ್ನು ಅಂದಾಜಿನಿಂದ ಹೇಳಬಹುದೇ ಹೊರತು ಕೂದಲೆಳೆಯಷ್ಟು ಸೂಕ್ಷ್ಮವಾಗಿ ಹೇಳಲಾಗದು. ಇಷ್ಟೆಲ್ಲ ಮಾಡಿಯೂ ಇಬ್ಬರು ಸಮಸಮವಾಗಿ ತೋರಿದರೆ, ಸಮರೆಂದೇ ಹೇಳಿ ಎದ್ದುಹೋಗುವುದರಲ್ಲಿ ನಾಚಿಕೆಯೇನೂ ಇಲ್ಲ.

ಕಡೆಯಲ್ಲಿ ಒಂದು ಸಣ್ಣ ಅಭ್ಯಾಸವನ್ನು ಸೂಚಿಸುವೆವು. ಮುಂದಿನ ಸಲ ಹುಡುಗರು ಪಂದ್ಯವನ್ನು ನೋಡುವಾಗ ಹಿರಿಯರೂ ಜೊತೆಗೆ ಕುಳಿತುಕೊಳ್ಳಲಿ. ಪಂದ್ಯದ ನಾಲ್ಕು ಭಾಗಗಳಲ್ಲಿ ಒಂದನ್ನು, ಎಂದರೆ ಹನ್ನೆರಡು ನಿಮಿಷಗಳನ್ನು, ಚೆಂಡಿನ ಹಿಂದೆ ಕಣ್ಣನ್ನು ಓಡಿಸದೆ ಒಬ್ಬನೇ ಆಟಗಾರನ ಮೇಲೆ ಇರಿಸಲಿ. ಹೆಸರು ಹೆಚ್ಚಾಗಿ ಕೇಳಿಬಾರದವನಾದರೆ ಮತ್ತೂ ಒಳ್ಳೆಯದು. ಅವನು ಎಲ್ಲಿ ನಿಂತನು, ಯಾರನ್ನು ಅಡ್ಡಗಟ್ಟಿದನು, ಯಾರಿಗೆ ದಾರಿ ಮಾಡಿಕೊಟ್ಟನು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಲಿ. ಪಂದ್ಯವು ಮುಗಿದ ಮೇಲೆ ಅಚ್ಚಾಗುವ ಅಂಕಿಗಳ ಪಕ್ಕದಲ್ಲಿ ಆ ಚೀಟಿಯನ್ನಿಟ್ಟು ಎರಡನ್ನೂ ಓದಲಿ. ಯಾರು ದೊಡ್ಡವರೆಂಬ ವಾದವನ್ನು ಆ ಬಳಿಕ ಆರಂಭಿಸಬಹುದು.